ಟಿಕೆಟ್ ಕೌಂಟರಿನವರೆಗೆ ಮಾತ್ರ ಸುಖ

ನಮ್ಮ ಕಾಸರಗೋಡು ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ. ಗಾಲಿಕುರ್ಚಿಯಲ್ಲಿರುವ ಚಿಕ್ಕಪ್ಪನನ್ನು ರೈಲು ಹತ್ತಿಸುವುದು ಮಾತ್ರ ದೊಡ್ಡ ಸರ್ಕಸ್ಸು. ಟಿಕೆಟ್ ಕೌಂಟರಿನವರೆಗೆ ಚಂದದ ರ್‍ಯಾಂಪ್, ಸ್ಟೀಲಿನ ಕಂಬಿ, ನೀಲಿ ಬೋರ್ಡು. ರೈಲು ಬರುವುದೋ ಆಚೆ ಪ್ಲಾಟ್‌ಫಾರ್ಮಿಗೆ. ನಡುವೆ ಬರೀ ಮೆಟ್ಟಿಲಿನ ಮೇಲ್ಸೇತುವೆ! ಯಾರ‍್ಯಾರದೋ ಕೈಕಾಲು ಹಿಡಿದು, ಕುರ್ಚಿ ಸಮೇತ ಎತ್ತಿ ದಾಟಿಸಿದ್ದಾಯಿತು ಅನ್ನಿ. ಅಂಗವಿಕಲರ ಬೋಗಿ ಇರುವುದು ಸಾಮಾನ್ಯವಾಗಿ ತುದಿಯಲ್ಲಿ. ಯಾವ ತುದಿ? ಹೇಳುವವರಿಲ್ಲ. ರೈಲು ನಿಲ್ಲುವ ಎರಡು ನಿಮಿಷದಲ್ಲಿ ಕುರ್ಚಿ ತಳ್ಳಿಕೊಂಡು ಓಡಿದರೆ, ಒಳಗೆ ಗಟ್ಟಿಮುಟ್ಟಾದವರೇ ಕಾಲು ಚಾಚಿ ಕೂತಿರುತ್ತಾರೆ. “ಸ್ವಲ್ಪ ಅಡ್ಜಸ್ಟ್ ಮಾಡಿ” ಅಂತ ನಮಗೇ ಬುದ್ಧಿವಾದ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ರೈಲು ನಿಲ್ದಾಣಗಳನ್ನು ಹೆಸರಿಸಿಯೇ ಸೌಲಭ್ಯ ಕೊಡಿ ಎನ್ನುತ್ತದೆ. ಲಿಫ್ಟ್ ಬರುವಾಗ ಬರಲಿ. ಬೋಗಿ ಮುಂದೋ ಹಿಂದೋ ಅಂತ ಮೈಕಿನಲ್ಲಿ ಹೇಳುವುದಕ್ಕೂ ಟೆಂಡರ್ ಕರೆಯಬೇಕೇ?