ಕುಂಬಾರಿಕೆಯ ವಿಡಿಯೊಗೆ ಹಣ ಸುರಿಯುವ ಮೊದಲು

ಮೈಸೂರಿನಲ್ಲಿ ಕುಂಬಾರಿಕೆ ಕಲಿಯಬೇಕೆಂಬ ಆಸೆಯುಳ್ಳವರು ಈಚೆಗೆ ಹೆಚ್ಚಾಗಿದ್ದಾರೆ. ವಾರಾಂತ್ಯದ ತರಗತಿಗಳ ಶುಲ್ಕ ಎಲ್ಲರ ಕೈಗೆಟುಕುವಂಥದ್ದಲ್ಲವಾದ್ದರಿಂದ ಗೃಹಿಣಿಯರು, ವಿದ್ಯಾರ್ಥಿಗಳು, ನಿವೃತ್ತರು ಸಹಜವಾಗಿಯೇ ವಿಡಿಯೊಗಳತ್ತ ತಿರುಗುತ್ತಾರೆ. ನಾನು ಮಣ್ಣಿನ ಕೆಲಸ ಮಾಡುತ್ತೇನೆಂದು ತಿಳಿದವರು ಕೇಳುವ ಮೊದಲ ಪ್ರಶ್ನೆಯೇ ‘ಯಾವ ಕೋರ್ಸ್ ಕೊಂಡುಕೊಳ್ಳಲಿ?’ ಎಂಬುದು. ಕಲಿಕೆಯ ಮೊದಲ ವರ್ಷ ವಿಡಿಯೊಗಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ, ಆ ಹಣವನ್ನು ಮಣ್ಣಿಗೆ, ತಿಗರಿಯ (ಕುಂಬಾರನ ಚಕ್ರದ) ಮುಂದೆ ಕೂರುವ ಗಂಟೆಗಳಿಗೆ ಮತ್ತು ಸುಡುವ ಖರ್ಚಿಗೆ ಎತ್ತಿಡಿ ಎಂಬುದು ನನ್ನ ಖಚಿತವಾದ ಉತ್ತರ.

ಇದು ಕೇವಲ ಮಿತವ್ಯಯದ ಮಾತಲ್ಲ. ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುವ ಕೆಲವು ಪಾಠಗಳು ಹಣ ಕೊಟ್ಟು ಪಡೆಯುವ ಅನೇಕ ಕೋರ್ಸುಗಳಿಗಿಂತ ನಿಜಕ್ಕೂ ಉತ್ತಮವಾಗಿವೆ. ಬ್ರಿಟನ್ನಿನ ಹೆಸರಾಂತ ಕುಂಬಾರ ಬರ್ನಾರ್ಡ್ ಲೀಚ್ ಅವರ ಮೊಮ್ಮಗ ಸೈಮನ್ ಲೀಚ್ ಬಹಳ ವರ್ಷಗಳಿಂದ ತಮ್ಮ ಕೆಲಸದ ಮನೆಯಿಂದಲೇ ಪಾಠ ಮಾಡುತ್ತಾ ಬಂದಿದ್ದಾರೆ. ಅಮೆರಿಕದಲ್ಲಿ ನೆಲೆಸಿರುವ ತೈವಾನ್ ಮೂಲದ ಶಿನ್-ಚುಎನ್ ಲಿನ್ ಅವರ ವಿಡಿಯೊಗಳಲ್ಲಿ ಮಣ್ಣಿನ ಉಂಡೆ ತಿಗರಿಯ ಮೇಲೆ ಬಿದ್ದ ಕ್ಷಣದಿಂದ ಪಾತ್ರೆ ಮುಗಿಯುವವರೆಗೆ ಕೈಗಳ ಚಲನೆಯನ್ನು ಸಾವಧಾನವಾಗಿ ನೋಡಬಹುದು. ಜಪಾನಿನ ಮಾಶಿಕೊದಲ್ಲಿ ಶಿಷ್ಯವೃತ್ತಿ ನಡೆಸಿ ಬಂದ ಲಂಡನ್ನಿನ ಫ್ಲೋರಿಯನ್ ಗ್ಯಾಡ್ಸ್‌ಬಿ ಅವರ ವಿಡಿಯೊಗಳು ಹೊಸಬರಿಗಿಂತ ಸ್ವಲ್ಪ ಕೈ ಪಳಗಿದವರಿಗೆ ಹೆಚ್ಚು ಉಪಯುಕ್ತ. ಇಂಗ್ಲಿಷ್ ತೊಡಕಾದರೆ ಅಷ್ಟೇನೂ ಚಿಂತಿಸಬೇಕಾಗಿಲ್ಲ. ವೇಗವನ್ನು ಅರ್ಧಕ್ಕೆ ಇಳಿಸಿ, ಧ್ವನಿಯನ್ನು ನಿಲ್ಲಿಸಿ, ಕೈಗಳನ್ನಷ್ಟೇ ನೋಡಿದರೂ ಕಲಿಯುವುದು ಬಹಳಷ್ಟಿದೆ.

ಒಳ್ಳೆಯ ವಿಡಿಯೊವನ್ನು ಗುರುತಿಸುವುದು ಹೇಗೆ? ನಾನು ನೋಡುವುದು ಮಣ್ಣನ್ನು ತಿಗರಿಯ ನಡುವಿಗೆ ತರುವ ಘಟ್ಟವನ್ನು. ಹೊಸಬರು ಸೋಲುವುದು ಅಲ್ಲಿಯೇ. ಎಡ ಮೊಣಕೈ ತೊಡೆಗೋ ಸೊಂಟಕ್ಕೋ ಗಟ್ಟಿಯಾಗಿ ಆತುಕೊಂಡಿದೆಯೇ, ಅಂಗೈಯ ಬುಡ ಮಣ್ಣನ್ನು ಬದಿಯಿಂದ ಒತ್ತುತ್ತಿರುವಾಗ ಇನ್ನೊಂದು ಕೈ ಮೇಲಿನಿಂದ ಹೇಗೆ ತಡೆಯುತ್ತಿದೆ, ತಿಗರಿ ಯಾವ ವೇಗದಲ್ಲಿದೆ, ನೀರು ಎಷ್ಟು ಹೊತ್ತಿಗೊಮ್ಮೆ ಬೀಳುತ್ತಿದೆ, ಒತ್ತಡವನ್ನು ಬಿಡುವಾಗ ಕೈ ತಟ್ಟನೆ ಸರಿಯುತ್ತದೆಯೋ ಮೆಲ್ಲನೆ ಸಡಿಲಗೊಳ್ಳುತ್ತದೆಯೋ ಎಂಬುದೆಲ್ಲ ಕತ್ತರಿ ಬೀಳದ ದೃಶ್ಯದಲ್ಲಿ ಕಾಣಬೇಕು. ಈ ಘಟ್ಟವನ್ನು ಸಂಗೀತ ಹಾಕಿ ಓಡಿಸಿಬಿಟ್ಟ ವಿಡಿಯೊ ಎಷ್ಟೇ ಚೆಂದವಿದ್ದರೂ ಪಾಠವಾಗದು. ಎದ್ದು ನಿಂತ ಪಾತ್ರೆಯನ್ನು ತಂತಿಯಿಂದ ಉದ್ದಕ್ಕೆ ಸೀಳಿ, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತೋರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ. ನಿಮ್ಮ ಮೊದಲ ಪಾತ್ರೆಗಳನ್ನೂ ಹಾಗೆಯೇ ಸೀಳಿ ನೋಡಿ.

ವಿಡಿಯೊಗಳು ಹೇಳದೆ ಬಿಡುವ ದೊಡ್ಡ ಸಂಗತಿ ಮಣ್ಣಿನದು. ಅಲ್ಲಿ ಬಳಸುವುದು ಬಹುಮಟ್ಟಿಗೆ ಸ್ಟೋನ್‌ವೇರ್ ಮಣ್ಣು. ಅದು ಗಟ್ಟಿಯಾಗುವುದು 1200ರಿಂದ 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ನಮ್ಮ ಮೈಸೂರು, ಮಂಡ್ಯದ ಕೆರೆಯಂಗಳದಲ್ಲಿ ಸಿಗುವುದು ಕಬ್ಬಿಣದ ಅಂಶ ಹೆಚ್ಚಿರುವ, ಸುಟ್ಟಾಗ ಕೆಂಪಾಗುವ ಮಣ್ಣು. ಸೌದೆ, ಹುಲ್ಲು, ಬೆರಣಿಯಿಂದ ಸುಡುವ ನಮ್ಮ ಆವಿಗೆಯ ಶಾಖ ಸಾಮಾನ್ಯವಾಗಿ 1000 ಡಿಗ್ರಿಗಿಂತ ಕೆಳಗೇ ಇರುತ್ತದೆ ಮತ್ತು ಆ ಮಣ್ಣಿಗೆ ಅಷ್ಟು ಸಾಕು. ಅದೇ ಮಣ್ಣಿನ ಪಾತ್ರೆಯನ್ನು ವಿಡಿಯೊದಲ್ಲಿ ಹೇಳಿದಂತೆ 1240 ಡಿಗ್ರಿಗೆ ಒಯ್ದರೆ ಅದು ಉಬ್ಬಿ, ಕುಸಿದು, ಕರಗಿ ಕುಲುಮೆಯ ಹಲಗೆಗೆ ಅಂಟಿಕೊಳ್ಳುವ ಸಂಭವವೇ ಹೆಚ್ಚು. ಪಾತ್ರೆಗೆ ಗಾಜಿನಂಥ ಹೊಳಪು ಕೊಡುವ ಲೇಪ, ಅಂದರೆ ಗ್ಲೇಜಿನ ಅಲ್ಲಿನ ಪ್ರಮಾಣಗಳೂ ಅಷ್ಟೇ, ಇಲ್ಲಿನ ಮಣ್ಣಿಗೆ ಹಾಗೆಯೇ ಹೊಂದುವುದಿಲ್ಲ. ಆದ್ದರಿಂದ ಯಾವ ವಿಡಿಯೊ ನೋಡುವಾಗಲೂ ಇದು ಯಾವ ಮಣ್ಣು, ಎಷ್ಟು ಶಾಖ ಎಂಬೆರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಿ. ಕೈಚಳಕವನ್ನು ಎಲ್ಲಿಂದಲಾದರೂ ಕಲಿಯಬಹುದು, ಸುಡುವ ವಿದ್ಯೆಯನ್ನು ನಮ್ಮ ಮಣ್ಣು ಬಲ್ಲವರಿಂದಲೇ ಕಲಿಯಬೇಕು.

ಒಣಗಿಸುವುದೂ ಹೀಗೆಯೇ. ತಂಪು ದೇಶದವರು ಪಾತ್ರೆಯನ್ನು ರಾತ್ರಿಯಿಡೀ ತೆರೆದಿಡಿ ಎನ್ನುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹಾಗಿಟ್ಟರೆ ಬಾಯಂಚು ಬೇಗ ಒಣಗಿ, ತಳ ಇನ್ನೂ ಹಸಿಯಾಗಿಯೇ ಉಳಿದು, ಪಾತ್ರೆ ಬಿರುಕು ಬಿಡುತ್ತದೆ. ಬಾಯಿಗೆ ಪ್ಲಾಸ್ಟಿಕ್ ಸುತ್ತಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಆಷಾಢದ ದಿನಗಳಲ್ಲಿ ತೊಂದರೆ ತದ್ವಿರುದ್ಧ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿದ್ದರೆ ಸುಡುವಾಗ ಆ ನೀರು ಹಬೆಯಾಗಿ ಪಾತ್ರೆಯನ್ನು ಒಡೆದುಬಿಡುತ್ತದೆ. ಒಣಮಣ್ಣಿನ ದೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಅಪಾಯಕಾರಿ. ಮನೆಯಲ್ಲಿ ಮಕ್ಕಳಿದ್ದರಂತೂ ಈ ವಿಷಯದಲ್ಲಿ ಉದಾಸೀನ ಸಲ್ಲದು.

ತಿಗರಿ ಇಲ್ಲದವರು ಹಿಂಜರಿಯಬೇಕಾಗಿಲ್ಲ. ಉಂಡೆಯನ್ನು ಹೆಬ್ಬೆರಳಿನಿಂದ ತೋಡಿ ಬಟ್ಟಲು ಮಾಡುವುದು, ಮಣ್ಣನ್ನು ಹುರಿಯಾಗಿ ಹೊಸೆದು ಸುತ್ತು ಸುತ್ತಾಗಿ ಏರಿಸುವುದು, ಲಟ್ಟಣಿಗೆಯಿಂದ ಹಾಳೆಯಂತೆ ಲಟ್ಟಿಸಿ ಜೋಡಿಸುವುದು, ಇವೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆಯೇ ಆಗುವ ಕೆಲಸಗಳು.

ಇನ್ನು ಕನ್ನಡದ ವಿಡಿಯೊಗಳ ವಿಷಯ. ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ಕುಂಬಾರಕೊಪ್ಪಲು, ಕುಂಬಾರಗೇರಿ ಎಂಬ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿರುವ ಊರು ನಮ್ಮದು. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇರುವ ರಾಜ್ಯ ನಮ್ಮದು. ಆದರೂ ಕನ್ನಡದಲ್ಲಿ ನನಗೆ ಸಿಕ್ಕವು ಬಹುತೇಕ ದೀಪಾವಳಿಗೋ ಬೇಸಿಗೆಗೋ ಮುನ್ನ ಬರುವ ವರದಿಗಳು. ‘ಅಳಿವಿನಂಚಿನಲ್ಲಿ ಕುಂಬಾರಿಕೆ’ ಎಂಬ ಶೀರ್ಷಿಕೆ, ತಿರುಗುವ ತಿಗರಿಯ ಅರ್ಧ ನಿಮಿಷದ ದೃಶ್ಯ, ‘ಸರ್ಕಾರದಿಂದ ನಿಮಗೇನು ನಿರೀಕ್ಷೆ?’ ಎಂಬ ಪ್ರಶ್ನೆ, ಅಲ್ಲಿಗೆ ಮುಗಿಯಿತು. ಆ ಕುಂಬಾರನ ಕಷ್ಟವನ್ನು ಕೇಳಿದವರು ಆತನ ವಿದ್ಯೆಯ ಬಗ್ಗೆ ಏನನ್ನೂ ಕೇಳುವುದಿಲ್ಲ. ಆ ವಿದ್ಯೆ ಎಂಥದ್ದೆಂಬುದಕ್ಕೆ ಒಂದು ಉದಾಹರಣೆ: ನೀರಿನ ಮಡಕೆಯ ದುಂಡು ತಳ ತಿಗರಿಯ ಮೇಲೆ ಹುಟ್ಟುವುದಲ್ಲ. ತಿಗರಿಯಿಂದ ಇಳಿಸಿದ ದಪ್ಪ ಗೋಡೆಯ ಪಾತ್ರೆ ಸ್ವಲ್ಪ ಬಿಗಿದ ಮೇಲೆ, ಒಳಗೆ ಕಲ್ಲಿನ ಗುಂಡನ್ನು ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ, ಮಡಿಲಲ್ಲಿ ತಿರುಗಿಸುತ್ತಾ ಗೋಡೆಯನ್ನು ತೆಳುವಾಗಿಸಿ ತಳವನ್ನು ಕೂಡಿಸುತ್ತಾರೆ. ಏಟಿನ ಸದ್ದು ಬದಲಾಗುವುದರಿಂದಲೇ ದಪ್ಪ ತಿಳಿಯುವ ಕೈಗಳವು. ಮೇಲೆ ಹೆಸರಿಸಿದ ಯಾವ ವಿದೇಶಿ ಪಾಠದಲ್ಲಿಯೂ ಇದನ್ನು ನಾನು ಕಂಡಿಲ್ಲ.

ಆದ್ದರಿಂದ ಕೋರ್ಸ್ ಕೊಳ್ಳಲು ಹಣ ಎತ್ತಿಟ್ಟಿರುವ ಸ್ನೇಹಿತರಲ್ಲಿ ನನ್ನದೊಂದು ಪ್ರಸ್ತಾಪವಿದೆ. ನಾಲ್ಕೈದು ಜನ ಸೇರಿ, ಈಗಲೂ ಆವಿಗೆ ಹಚ್ಚುವ ನಮ್ಮ ಸುತ್ತಲಿನ ಒಬ್ಬ ಕುಂಬಾರರ ಮನೆಗೆ ಹೋಗೋಣ. ಅವರ ದಿನದ ದುಡಿಮೆಗಿಂತ ಕಡಿಮೆಯಾಗದ ಸಂಭಾವನೆಯನ್ನು ಮೊದಲೇ ಮಾತಾಡಿ, ಕೆಲಸ ಶುರುವಾಗುವ ಮುನ್ನವೇ ಕೈಗೆ ಕೊಟ್ಟು, ಅವರು ಒಪ್ಪಿದರೆ ಚಿತ್ರೀಕರಿಸೋಣ. ಕೆರೆಯ ಮಣ್ಣನ್ನು ಆರಿಸುವುದು, ನೆನೆಸುವುದು, ಸೋಸುವುದು, ಮರಳು ಬೆರೆಸುವ ಅಳತೆ, ತುಳಿದು ಹದ ಮಾಡುವುದು, ತಟ್ಟುವುದು, ಆವಿಗೆಯಲ್ಲಿ ಮಡಕೆಗಳನ್ನು ಜೋಡಿಸುವ ಕ್ರಮ, ಯಾವ ಹೊತ್ತಿಗೆ ಬೆಂಕಿಯನ್ನು ಏರಿಸುತ್ತಾರೆ ಎಂಬುದು, ಎಲ್ಲವೂ ಅವರದೇ ಮಾತಿನಲ್ಲಿ, ಕತ್ತರಿಸದೆ ಬರಲಿ. ಮೊಬೈಲ್ ಕ್ಯಾಮೆರಾ ಮತ್ತು ಅದನ್ನು ಅಲುಗದಂತೆ ನಿಲ್ಲಿಸುವ ಸ್ಟ್ಯಾಂಡ್ ಇದಕ್ಕೆ ಸಾಕು. ವಿಡಿಯೊವನ್ನು ಉಚಿತವಾಗಿಯೇ ಹಾಕೋಣ, ಅದರಿಂದ ಹಣ ಬಂದರೆ ಅವರ ಖಾತೆಗೆ ಹೋಗುವಂತೆ ಮಾಡೋಣ. ಒಟ್ಟುಗೂಡಿಸುವ ಕೆಲಸ ನಾನು ಮಾಡುತ್ತೇನೆ. ಬರಲು ಮನಸ್ಸುಳ್ಳವರು ಇಲ್ಲಿಯೇ ತಿಳಿಸಿ, ಮಳೆಗಾಲಕ್ಕೆ ಮುನ್ನ, ಆವಿಗೆಗಳು ಇನ್ನೂ ಉರಿಯುತ್ತಿರುವಾಗಲೇ ಹೋಗಬೇಕು.