ಬ್ರಿಟಿಷರ ಕಾಲದ್ದು ಸಾರ್

ಮೊನ್ನೆ ರಾತ್ರಿ ಆ ಪಾಟಿ ಮಳೆ ಹುಯ್ತಲ್ಲ, ಬೆಳಿಗ್ಗೆ ಎದ್ದು ಗೇಟ್ ತೆಗೆದು ನೋಡಿದ್ರೆ ನಮ್ಮ ಕ್ರಾಸಿನ ಮಧ್ಯದಲ್ಲಿ ಒಂದು ಹೊಂಡ. ಗುಂಡಿ ಅಲ್ಲ ಮತ್ತೆ. ಗುಂಡಿಗಳು ನಮಗೆ ಮನೆ ಮಂದಿ ಇದ್ದ ಹಾಗೆ, ಯಾವುದು ಎಲ್ಲಿದೆ ಎಷ್ಟು ಆಳ ಇದೆ ಅಂತ ಬಾಯಿಪಾಠ, ನಿದ್ದೆಗಣ್ಣಲ್ಲೂ ಸ್ಕೂಟರ್ ತಪ್ಪಿಸಿಕೊಂಡು ಹೋಗ್ತೀವಿ. ಇದು ಬೇರೆ ಜಾತಿ. ಹಾಲಿನ ಗಾಡಿದು ಮುಂದಿನ ಚಕ್ರ ಪೂರ್ತಿ ಒಳಗೆ ಇಳಿದು, ಕ್ರೇಟುಗಳೆಲ್ಲ ಒಂದು ಕಡೆ ವಾಲಿ, ಡ್ರೈವರಣ್ಣ ಫುಟ್‌ಪಾತ್ ಮೇಲೆ ಕುಕ್ಕರಗಾಲಲ್ಲಿ ಕೂತು ಓನರ್‌ಗೆ ಫೋನಲ್ಲಿ ‘ಅಣ್ಣ ರೋಡು ಇತ್ತಣ್ಣ, ನಿನ್ನೆ ಇತ್ತಣ್ಣ’ ಅಂತ ಆಣೆ ಪ್ರಮಾಣ ಮಾಡ್ತಿದ್ದ. ಹೊಂಡದ ಒಳಗಿಂದ ನೀರು ಬುಳುಬುಳು ಅಂತ ಉಕ್ತಾ ಇತ್ತು. ಅಪ್ಪಟ ಕಾವೇರಿ ನೀರು. ನಲ್ಲಿಗೆ ಎರಡು ದಿನಕ್ಕೊಂದ್ಸಲ ಅರ್ಧರಾತ್ರೀಲಿ ನೂಲಿನ ಎಳೆ ಥರ ಬರೋ ನೀರು ರೋಡಲ್ಲಿ ಏನ್ ಧಾರಾಳ ಅಂತೀರಿ.

ಹತ್ತು ಗಂಟೆಗೆ ಜೀಪು ಬಂತು. ಸಾಹೇಬ್ರು ಇಳಿದ್ರು, ಪ್ಯಾಂಟು ಎರಡು ಮಡಿಕೆ ಮೇಲಕ್ಕೆ ಮಡಚಿದ್ರು, ಹೊಂಡದಿಂದ ಹತ್ತಡಿ ದೂರ ನಿಂತು, ಬಗ್ಗಿ ನೋಡೋ ಗೋಜಿಗೂ ಹೋಗದೆ ತೀರ್ಪು ಕೊಟ್ಟರು. “ಬ್ರಿಟಿಷರ ಕಾಲದ ಪೈಪು ಸಾರ್. ಏನ್ ಮಾಡೋಕಾಗತ್ತೆ.”

ಸುತ್ತ ನಿಂತಿದ್ದವರೆಲ್ಲ ಸಾವಿನ ಮನೇಲಿ ತಲೆ ಆಡಿಸಿದ ಹಾಗೆ ತಲೆ ಆಡಿಸಿದ್ರು. ಪಾಪ, ವಯಸ್ಸಾಗಿತ್ತು.

ಈ ಮಾತು ನಾನು ಕೇಳ್ತಿರೋದು ಇದೇ ಮೊದಲಲ್ಲ. ಚರಂಡಿ ಉಕ್ಕಿದ್ರೆ ಬ್ರಿಟಿಷರ ಕಾಲದ ಚರಂಡಿ, ಮೋರಿ ಕುಸಿದ್ರೆ ಬ್ರಿಟಿಷರ ಕಾಲದ ಮೋರಿ, ಒಂದ್ಸಲ ಹೋದ ವರ್ಷ ಹಾಕಿದ ಸಿಮೆಂಟ್ ಸ್ಲ್ಯಾಬು ಮುರಿದಾಗಲೂ ಒಬ್ರು ಅಭ್ಯಾಸಬಲದಿಂದ ‘ಬ್ರಿಟಿಷ್...’ ಅಂತ ಶುರು ಮಾಡಿ, ಸ್ಲ್ಯಾಬಿನ ಮೇಲೆ ಕಾಂಟ್ರಾಕ್ಟರು ಬೆರಳಲ್ಲಿ ಬರೆದಿದ್ದ ಇಸವಿ ಕಂಡು ಕೆಮ್ಮಿ ನಿಲ್ಲಿಸಿದ್ರು. ಹಿಂದೆಲ್ಲ ಮಳೆಯಿಂದ ಏನಾದ್ರೂ ಆದ್ರೆ ವರುಣನ ಮೇಲೆ ಹಾಕೋರು, ಆಮೇಲೆ ವಾಯುಭಾರ ಕುಸಿತ ಬಂತು, ಈಗ ಲಾರ್ಡ್ ಕರ್ಜನ್. ಒಂದಂತೂ ಒಪ್ಪಬೇಕು, ಬ್ರಿಟಿಷರಂಥ ಅನುಕೂಲದ ಆರೋಪಿ ಇನ್ನೊಬ್ಬ ಸಿಗಲ್ಲ, ಅವರು ನೋಟಿಸಿಗೆ ಉತ್ತರ ಕೊಡಲ್ಲ, ಸ್ಟೇ ತರಲ್ಲ, ಪ್ರೆಸ್‌ಮೀಟ್ ಮಾಡಲ್ಲ, ಕಮಿಷನ್ ಎಷ್ಟು ಕೊಟ್ಟೆ ಅಂತ ಬಾಯಿ ಬಿಡಲ್ಲ.

ನನಗೆ ಸುಮ್ನಿರೋಕಾಗಲ್ಲ, ಅದು ನನ್ನ ದೊಡ್ಡ ರೋಗ. ಹೇಳಿದೆ. “ಸಾರ್, ಬೆಂಗಳೂರಿಗೆ ಪೈಪಲ್ಲಿ ನೀರು ಬಂದಿದ್ದು 1896ರಲ್ಲಿ, ಹೆಸರಘಟ್ಟದಿಂದ. ಮಾಡ್ಸಿದ್ದು ಮೈಸೂರು ಸರ್ಕಾರ. ದಿವಾನರು ಶೇಷಾದ್ರಿ ಅಯ್ಯರು. ಅರ್ಕಾವತಿ ನೀರು ಇಟ್ಟಿಗೆ ಕಾಲುವೇಲಿ ತಾನಾಗೇ ಹರ್ಕೊಂಡು ಬಂದು, ಸೋಲದೇವನಹಳ್ಳಿ ಹತ್ರ ಸ್ಟೀಮ್ ಇಂಜಿನ್ನಲ್ಲಿ ಮೇಲೆತ್ತಿ ಈ ಕಡೆ ಕಳಿಸ್ತಿದ್ರು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತಾನೇ ಹೆಸರು.”

ಸಾಹೇಬ್ರು ಬಹಳ ತಾಳ್ಮೆಯಿಂದ ಕೇಳಿದ್ರು. ಆಮೇಲೆ ಅಂದ್ರು, “ಶೇಷಾದ್ರಿ ಅಯ್ಯರು ಬ್ರಿಟಿಷರ ಕಾಲದವ್ರೇ ತಾನೆ ಸಾರ್?”

ಇದಕ್ಕೇನಂತ ಉತ್ತರ ಕೊಡ್ತೀರಿ. ನಮ್ಮ ತಾತನೂ ಬ್ರಿಟಿಷರ ಕಾಲದವನೇ.

ಅಷ್ಟೊತ್ತಿಗೆ ಜೆಸಿಬಿ ಬಂತು. ಜೆಸಿಬಿ ಬಂದ್ಮೇಲೆ ಗೊತ್ತಲ್ಲ, ಆಫೀಸಿಗೆ ಹೊರಟವರೂ ಬ್ಯಾಗು ಹೆಗಲಿಗೆ ಹಾಕ್ಕೊಂಡು ನಿಂತ್ಬಿಟ್ರು. ಆದ್ರೆ ಅಗೆಯೋಕೆ ಮುಂಚೆ ಒಂದು ಪ್ರಶ್ನೆ ಬಂತು, ಪೈಪು ಯಾವ ಕಡೆ ಹೋಗಿದೆ? ಮ್ಯಾಪು ಯಾರತ್ರಾನೂ ಇಲ್ಲ. ಸಾಹೇಬ್ರು ಮೊಬೈಲಲ್ಲಿ ಏನೋ ತೋರಿಸಿದ್ರು, ಅದರಲ್ಲಿ ನಮ್ಮ ಕ್ರಾಸೇ ಇರ್ಲಿಲ್ಲ. ಕೊನೆಗೆ ವಾಲ್ವ್‌ಮ್ಯಾನ್ ಅಣ್ಣನ್ನ ಕರೆಸಿದ್ರು. ರಿಟೈರ್ ಆಗೋ ವಯಸ್ಸು, ಉದ್ದನೆ ಕಬ್ಬಿಣದ ಕೀ ಹೆಗಲ ಮೇಲೆ ಇಟ್ಕೊಂಡು ಬಂದ, ಎರಡೂ ಕಡೆ ನೋಡಿದ, ಚಪ್ಪಲಿಯಿಂದ ರೋಡಿನ ಮೇಲೆ ಒಂದು ಗೀಟು ಎಳೆದ. “ಇಲ್ಲಿ ಹಿಂಗೆ ಹೋಗಿ, ಆ ಹೊಂಗೆ ಮರದತ್ರ ತಿರುಗ್ತದೆ.” ಈ ಕೋಟಿ ದಾಟಿದ ಜನರ ಊರಲ್ಲಿ ನಮ್ಮ ಏರಿಯಾದ ಕುಡಿಯೋ ನೀರಿನ ಸಮಸ್ತ ದಾಖಲೆ ಇರೋದು ಅವನ ಚಪ್ಪಲೀಲಿ. ಅವನು ರಿಟೈರ್ ಆದ ದಿನ ನಮಗೆ ಯಾವ ಗತಿಯೋ.

ಅಗೆದ್ರು. ಮೊದಲು ಹೋದ ಮಾರ್ಚಲ್ಲಿ ಹಾಕಿದ ಟಾರು ಸಿಕ್ತು, ಮಸಾಲೆ ದೋಸೆಗಿಂತ ಒಂಚೂರು ದಪ್ಪ, ಅಷ್ಟು ಗರಿಗರಿ ಇಲ್ಲ. ಅದರ ಕೆಳಗೆ ಅದರ ಹಿಂದಿನ ಟಾರು, ಅದರ ಕೆಳಗೆ ಇನ್ನೊಂದು, ಆಮೇಲೆ ಯಾರದೋ ಮನೆ ಒಡೆದ ಇಟ್ಟಿಗೆ ಚೂರು, ಒಂದು ಗುಟ್ಕಾ ಪ್ಯಾಕೆಟ್ ಸರ, ಆಮೇಲೆ ಕೆಂಪು ಮಣ್ಣು. ಕೊನೆಗೆ ಪೈಪು. ನಾನು ಅಂಚಲ್ಲಿ ಕೂತು ಬಗ್ಗಿ ನೋಡಿದೆ. ಬೀಡು ಕಬ್ಬಿಣ, ಮೇಲೆ ತುಕ್ಕು ಹಿಡಿದಿತ್ತು, ಆದ್ರೆ ಮೇಸ್ತ್ರಿ ಸುತ್ತಿಗೆಯಿಂದ ತಟ್ಟಿದ್ರೆ ದೇವಸ್ಥಾನದ ಗಂಟೆ ಥರ ಠಣ್ ಅಂತು. ಒಂದು ಪೈಪಿನ ಬಾಯಿಗೆ ಇನ್ನೊಂದನ್ನ ತೂರಿಸಿ, ಸಂದಿಗೆ ಸೆಣಬಿನ ಹುರಿ ತುರುಕಿ, ಮೇಲಿಂದ ಸೀಸ ಕಾಯಿಸಿ ಹೊಯ್ದಿದ್ರು. ಸೀಸದ ಮೇಲೆ ಉಳಿ ಇಟ್ಟು ಬಡಿದ ಗುರುತು ಸಾಲಾಗಿ ಇನ್ನೂ ಹಾಗೇ ಇತ್ತು, ಅಜ್ಜಿ ಕಡುಬಿನ ಅಂಚು ಮಡಿಚಿದ ಹಾಗೆ. ಯಾವನೋ ಪುಣ್ಯಾತ್ಮ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಏಟು ಹಾಕಿರೋದು. ಆ ಜಾಯಿಂಟಿಂದ ಒಂದು ಹನಿ ನೀರೂ ಜಿನುಗ್ತಿರ್ಲಿಲ್ಲ.

ಹಾಗಾದ್ರೆ ನೀರು ಬರ್ತಿದ್ದಿದ್ದು ಎಲ್ಲಿಂದ? ಅಲ್ಲಿಂದ ಎರಡಡಿ ಆಚೆ ಪೈಪಿನ ಹೊಟ್ಟೇಲಿ ಒಂದು ದುಂಡನೆ ತೂತು, ಆ ತೂತಿನ ಮೂಲಕ ಒಂದು ಕಿತ್ತಳೆ ಬಣ್ಣದ ಕೇಬಲ್ ಪೈಪು ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೊರಗೆ ಬಂದಿತ್ತು, ಸೂಜಿಗೆ ದಾರ ಪೋಣಿಸಿದ ಹಾಗೆ. ಎರಡು ತಿಂಗಳ ಹಿಂದೆ ರಾತ್ರೋರಾತ್ರಿ ಮಿಷನ್ ತಂದು ನೆಲದೊಳಗೇ ಡ್ರಿಲ್ ಮಾಡಿದ್ರಲ್ಲ, ಅವರ ಕೈಚಳಕ. ತೂತಿನ ಸುತ್ತ ಯಾರೋ ಟ್ಯೂಬ್ ರಬ್ಬರ್ ಸುತ್ತಿ, ಎಂ-ಸೀಲ್ ಮೆತ್ತಿ, ದೇವರ ಮೇಲೆ ಭಾರ ಹಾಕಿ ಮಣ್ಣು ಮುಚ್ಚಿದ್ರು. ಅಲ್ಲಿಂದ ಜಿನುಗಿದ ನೀರು ದಿನಾ ಒಂದಿಷ್ಟು ಮಣ್ಣು ಕೊಚ್ಕೊಂಡು ಹೋಗಿ ಟಾರಿನ ಕೆಳಗೆ ಪೊಳ್ಳಾಗಿದೆ, ಮೊನ್ನೆ ಮಳೆಗೆ ಉಳಿದಿದ್ದೂ ಕುಸಿದಿದೆ.

ನಾನು ಸಾಹೇಬ್ರ ಮುಖ ನೋಡಿದೆ. ಸಾಹೇಬ್ರು ಕೇಬಲ್ ನೋಡಿದ್ರು.

“ಇದು ಬ್ರಿಟಿಷರ ಕಾಲದ ಕೇಬಲ್ಲಾ ಸಾರ್?” ಅಂದೆ.

“ಕೇಬಲ್ ನಮ್ಮ ಡಿಪಾರ್ಟ್‌ಮೆಂಟಿಗೆ ಬರಲ್ಲ ಸಾರ್.”

ಇಲ್ಲಿಂದ ಮುಂದಿನ ಕಥೆ ನಿಮಗೂ ಗೊತ್ತು. ತೂತು ನೀರಿನೋರದ್ದು, ಅದರೊಳಗಿನ ಕೇಬಲ್ ಕೇಬಲ್‌ನೋರದ್ದು, ಮೇಲಿನ ರೋಡು ರೋಡಿನೋರದ್ದು. ಹೊಂಡ ಮಾತ್ರ ಯಾರದ್ದೂ ಅಲ್ಲ. ಹಾಲಿನ ಗಾಡಿಯವನು ಸಂಜೆ ಹಗ್ಗ ಕಟ್ಟಿ ಎಳೆಸ್ಕೊಂಡು ಹೋದ, ಅಷ್ಟೊತ್ತಿಗೆ ಹಾಲು ಮೊಸರಾಗಿತ್ತು.

ನನ್ನ ತಕರಾರು ಹಳೇದು ಒಳ್ಳೇದು ಹೊಸದು ಕೆಟ್ಟದ್ದು ಅಂತಲ್ಲ, ಹಾಗೆ ಅಂದ್ಕೋಬೇಡಿ. ಹಳೆ ಪೈಪು ಒಡೆಯತ್ತೆ, ಒಳಗೆ ತುಕ್ಕು ಗಡ್ಡೆ ಕಟ್ಟಿ ಅರ್ಧ ಮುಚ್ಚಿರತ್ತೆ, ಸೀಸದ ಜಾಯಿಂಟು ಕುಡಿಯೋ ನೀರಿಗೆ ಒಳ್ಳೇದೂ ಅಲ್ಲ, ಬದಲಾಯಿಸಲೇಬೇಕು. ಹೆಸರಘಟ್ಟದ ನೀರು ಬಂದಾಗ ಬೆಂಗಳೂರಿನ ಜನಸಂಖ್ಯೆ ಸಿಟಿ, ದಂಡು (ಕಂಟೋನ್ಮೆಂಟು) ಎರಡೂ ಸೇರಿ ಎರಡು ಲಕ್ಷದ ಒಳಗೆ. ಹೆಸರಘಟ್ಟ ಸಾಲದೆ ಬಂದು 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದ್ರು, ಅದೂ ಸಾಲದೆ 1974ಕ್ಕೆ ಕಾವೇರಿ ಬಂತು. ಅಂದ್ರೆ ಆ ಕಾಲದವರೂ ಎಲ್ಲಾ ಸರಿ ಲೆಕ್ಕ ಹಾಕಿರ್ಲಿಲ್ಲ. ಆದ್ರೆ ಅವರ ತಪ್ಪಿನ ಪಟ್ಟಿಗೆ ನಮ್ಮದೆಲ್ಲ ಸೇರಿಸ್ತಾ ಹೋದ್ರೆ ಹೇಗೆ?

2022ರ ಸೆಪ್ಟೆಂಬರ್ ನೆನಪಿದೆಯಾ? ಒಂದೇ ರಾತ್ರೀಲಿ 130 ಮಿಲಿಮೀಟರ್ ಮೇಲೆ ಮಳೆ. ಐಟಿ ಹುಡುಗರು ಟ್ರ್ಯಾಕ್ಟರ್ ಹತ್ಕೊಂಡು ಆಫೀಸಿಗೆ ಹೋದ್ರು, ವಿಲ್ಲಾಗಳಲ್ಲಿ ಕಾರು ತೇಲಿದ್ವು, ಲೇಔಟಲ್ಲಿ ದೋಣಿ ಓಡಾಡಿದ್ವು. ಅದೇ ಹೊತ್ತಿಗೆ ಊರಿನ ಎಷ್ಟೋ ಕಡೆ ನಲ್ಲೀಲಿ ನೀರಿಲ್ಲ! ಯಾಕಂದ್ರೆ ನೂರು ಕಿಲೋಮೀಟರ್ ಆಚೆಯಿಂದ ನಮಗೆ ಕಾವೇರಿ ಕಳಿಸೋ ತೊರೆಕಾಡನಹಳ್ಳಿ ಪಂಪ್‌ಹೌಸಿಗೇ ನೀರು ನುಗ್ಗಿ ಪಂಪು ಮುಳುಗಿತ್ತು. ಮನೆ ಒಳಗೆ ಮೊಣಕಾಲುದ್ದ ನೀರು, ಕುಡಿಯೋಕೆ ಕ್ಯಾನ್ ನೀರು. ಇದಕ್ಕೆ ಯಾವ ವೈಸ್‌ರಾಯ್ ಸೈನ್ ಹಾಕಿದ್ದ? ಮೆಜೆಸ್ಟಿಕ್ಕಲ್ಲಿ ನೀರು ನಿಲ್ತು ಅಂತ ಪ್ರತಿ ವರ್ಷ ಟೀವೀಲಿ ಬೊಬ್ಬೆ, ಅದು ಧರ್ಮಾಂಬುಧಿ ಕೆರೆ ಕಣ್ರೀ, ನೀರು ಪಾಪ ಹಳೆ ಅಡ್ರೆಸ್ಸಿಗೆ ಬರತ್ತೆ, ಅಲ್ಲಿ ಬಸ್ ಸ್ಟ್ಯಾಂಡ್ ಕಟ್ಟಿರೋದು ಅದಕ್ಕೆ ಯಾರೂ ಹೇಳಿಲ್ಲ. 2023ರ ಮೇನಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಕಾರಿನೊಳಗೆ ನೀರು ತುಂಬಿ ಒಂದು ಹೆಣ್ಣುಮಗಳು ಜೀವ ಬಿಟ್ಟಳು. ಆ ಅಂಡರ್‌ಪಾಸ್ ಬ್ರಿಟಿಷರು ಮಾಡಿದ್ದಲ್ಲ. ಅದರ ಬಗ್ಗೆ ತಮಾಷೆ ಮಾಡೋಕೆ ನನಗೆ ಬಾಯಿ ಬರಲ್ಲ, ಬಿಡಿ.

ನಮ್ಮನೆ ಮೆಟ್ಟಿಲ ಕಥೆ ಹೇಳ್ತೀನಿ. ತಾತ ಮನೆ ಕಟ್ಟಿದಾಗ ರೋಡಿಂದ ಮೂರು ಮೆಟ್ಟಿಲು ಹತ್ತಿ ಜಗಲಿಗೆ ಬರಬೇಕಿತ್ತಂತೆ. ರೋಡು ಮಧ್ಯದಲ್ಲಿ ಉಬ್ಬಿ ಎರಡೂ ಪಕ್ಕ ಇಳಿಜಾರು, ಮಳೆ ನಿಂತ ಹತ್ತು ನಿಮಿಷಕ್ಕೆ ನೀರೆಲ್ಲ ಚರಂಡಿ ಪಾಲು. ಆಮೇಲೆ ಪ್ರತಿ ಎಲೆಕ್ಷನ್‌ಗೂ ಹಳೆ ಟಾರು ಕೀಳದೆ ಮೇಲೊಂದು ಪದರ ಎಳೀತಾ ಬಂದ್ರು. ನಾನು ಸ್ಕೂಲಿಗೆ ಹೋಗೋವಾಗ ಒಂದೇ ಮೆಟ್ಟಿಲು ಉಳಿದಿತ್ತು. ಈಗ ರೋಡಿಂದ ನಮ್ಮನೆಗೆ ಎರಡು ಮೆಟ್ಟಿಲು ಇಳೀಬೇಕು. ಚರಂಡಿಯ ಕಬ್ಬಿಣದ ಜಾಲರಿ ಮೇಲೂ ಟಾರು ಎಳೆದು ಒಪ್ಪವಾಗಿ ರೋಲರ್ ಓಡಿಸಿದ್ದಾರೆ, ಹಾಗಾಗಿ ಮಳೆ ಬಂದ್ರೆ ನಮ್ಮ ಹಾಲೇ ರಾಜಕಾಲುವೆ. ಪಕ್ಕದ್ಮನೆ ಅಜ್ಜಿ ಬಾಗಿಲಿಗೆ ಮರಳು ಮೂಟೆ ಅಡ್ಡ ಇಟ್ಕೊಂಡು “ಅಭಿವೃದ್ಧಿ ಒಳಗೆ ಬಂದ್ಬಿಡತ್ತೆ ಕಣೋ, ಬಾಗಿಲು ಹಾಕು” ಅಂತಾರೆ.

ಸರಿ, ಹೊಂಡಕ್ಕೆ ಬರೋಣ. ಮೂರನೇ ದಿನ ರಿಪೇರಿ ಆಯ್ತು. ಹೇಗಂದ್ರೆ, ತೂತಿದ್ದ ತುಂಡಿನ ಜೊತೆಗೆ ಗಟ್ಟಿಮುಟ್ಟಾಗಿದ್ದ ಆ ಸೀಸದ ಜಾಯಿಂಟನ್ನೂ ಕತ್ತರಿಸಿ ತೆಗೆದು, ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಪೈಪು ಸೇರಿಸಿದ್ರು. ಎಸ್ಟಿಮೇಟಲ್ಲಿ ‘ಬ್ರಿಟಿಷರ ಕಾಲದ ಶಿಥಿಲ ಪೈಪು ಬದಲಾವಣೆ’ ಅಂತ ಬರೆದ್ರಂತೆ, ವಾಲ್ವ್‌ಮ್ಯಾನ್ ಅಣ್ಣ ಹೇಳಿದ. ಕತ್ತರಿಸಿದ ಕಬ್ಬಿಣದ ತುಂಡು ರಾತ್ರಿ ಫುಟ್‌ಪಾತಲ್ಲಿತ್ತು, ಬೆಳಿಗ್ಗೆ ಇರ್ಲಿಲ್ಲ. ಇಡೀ ಕಾಮಗಾರೀಲಿ ಹೇಳದೆ ಕೇಳದೆ, ಟೈಮಿಗೆ ಸರಿಯಾಗಿ ಮುಗಿದ ಕೆಲಸ ಅದೊಂದೇ, ಗುಜರಿಗೆ ಹೋಗಿದ್ದು.

ಮಣ್ಣು ಮುಚ್ಚಿದ್ರು. ಮುಚ್ಚಿದ ಮೇಲೆ ನಾಯಕರು ಬಂದು ಪೂಜೆ ಮಾಡಿ ತೆಂಗಿನಕಾಯಿ ಒಡೆದ್ರು, ಕಾಯಿ ಒಂದೇ ಏಟಿಗೆ ಒಡೀತು. ಎರಡು ಕಂಬದ ಮಧ್ಯೆ ಹತ್ತಡಿ ಫ್ಲೆಕ್ಸು, ಕೈ ಮುಗಿದು ನಗ್ತಿರೋ ನಾಯಕರು, ಕೆಳಗೆ ಸಾಲಾಗಿ ಸ್ಟಾಂಪ್ ಸೈಜಿನ ಹಿಂಬಾಲಕರು. ಆ ಫ್ಲೆಕ್ಸಿನ ಅಗಲದಷ್ಟು ಟಾರು ಹಾಕಿದ್ರೂ ಸಾಕಿತ್ತು, ಆದ್ರೆ ಟಾರು ಮಳೆ ನಿಂತ ಮೇಲಂತೆ.

ಅವತ್ತು ರಾತ್ರಿ ಮತ್ತೆ ಮಳೆ. ಬೆಳಿಗ್ಗೆ ಮಣ್ಣು ಒಂದಡಿ ಕೆಳಗೆ. ಯಾರೋ ಬುದ್ಧಿವಂತರು ಕಂಬದಿಂದ ಫ್ಲೆಕ್ಸ್ ಬಿಚ್ಚಿ ಹೊಂಡದ ಮೇಲೆ ಹಾಸಿ ನಾಲ್ಕು ಮೂಲೆಗೆ ಸೈಜುಗಲ್ಲು ಇಟ್ಟಿದ್ರು. ಮಧ್ಯದಲ್ಲಿ ಜಗ್ಗಿ ನಾಯಕರ ಎದೆ ಮಟ್ಟಕ್ಕೆ ಮಳೆ ನೀರು ನಿಂತಿತ್ತು, ಆಟೋದವರು ಅವರ ಮೀಸೆ ಸುತ್ತಿ ಹುಷಾರಾಗಿ ಹೋಗ್ತಿದ್ರು. ನಾನು ಹಾಲು ತರೋಕೆ ಹೊರಟಾಗ ನಮ್ಮ ಬೀದಿ ನಾಯಿ ಮುಗಿದ ಕೈ ಹತ್ರ ನಿಂತು ಲೊಚಲೊಚ ಅಂತ ನೀರು ಕುಡೀತಾ ಇತ್ತು. ನಮ್ಮನೆ ನಲ್ಲಿಗೆ ಇನ್ನೂ ಬಂದಿರ್ಲಿಲ್ಲ.