ಬೇರನ್ನು ಮಡಚಬೇಡಿ, ಬೇಕಾದರೆ ಕತ್ತರಿಸಿ

ಸಸಿ ನೆಡುವಾಗ ತಾಯಿಬೇರು ಗುಂಡಿಗಿಂತ ಉದ್ದವಾದರೆ ಹೆಚ್ಚಿನವರು ಅದನ್ನು ಸುತ್ತಿ ಒಳಗೆ ತುರುಕಿ ಮಣ್ಣು ಮುಚ್ಚುತ್ತಾರೆ. ಬೇರಿಗೆ ಕತ್ತರಿ ಹಾಕಿದರೆ ಗಿಡ ಸತ್ತೀತು ಎಂಬ ಭಯ. ಕಾಫಿ, ಮಾವಿನಂಥ ಗಿಡಗಳಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗು. ಕತ್ತರಿಸಿದ ಬೇರು ಮತ್ತೆ ಕವಲೊಡೆಯುತ್ತದೆ. ಮಡಚಿದ ಬೇರು ಜನ್ಮದಲ್ಲಿ ನೆಟ್ಟಗಾಗುವುದಿಲ್ಲ.

ಯಾಕೆ ಅಂತ ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಕಡಲೆಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇರು ಒಂದೂವರೆ-ಎರಡು ಸೆಂಟಿಮೀಟರ್ ಆದಾಗ, ಅದರ ತುದಿಯಿಂದ ಮೇಲಕ್ಕೆ ಮಿಲಿಮೀಟರಿಗೊಂದರಂತೆ ಇಂಡಿಯನ್ ಇಂಕಿನಲ್ಲಿ ಹತ್ತು ಚುಕ್ಕೆ ಇಡಿ. ಬೇರು ಕೆಳಮುಖವಾಗಿರುವಂತೆ ತೇವದ ಜಾಡಿಯಲ್ಲಿ ಮುಚ್ಚಿಟ್ಟು ಮರುದಿನ ನೋಡಿ. ತುದಿಯ ಹತ್ತಿರದ ಕೆಲವು ಚುಕ್ಕೆಗಳು ಮಾತ್ರ ಹಿಗ್ಗಿ ದೂರ ದೂರ ಸರಿದಿರುತ್ತವೆ. ಮೇಲಿನವು ಇಟ್ಟಲ್ಲೇ ಇರುತ್ತವೆ. 1870ರ ದಶಕದಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಯೂಲಿಯಸ್ ಸ್ಯಾಕ್ಸ್ ಹೀಗೇ ಶಾಯಿಯ ಗುರುತು ಹಾಕಿ ತೋರಿಸಿದ್ದು ಇದನ್ನೇ: ಬೇರು ಉದ್ದವಾಗುವುದು ತುದಿಯ ಕೆಲವೇ ಮಿಲಿಮೀಟರುಗಳಲ್ಲಿ.

ಆ ಕೆಲವು ಮಿಲಿಮೀಟರಿನಲ್ಲಿ ಕೆಲಸ ಹಂಚಿಕೆಯಾಗಿದೆ. ತುತ್ತತುದಿಯಲ್ಲಿ ಬೇರುಟೋಪಿ. ಅದು ಲೋಳೆ ಸುರಿಸುತ್ತಾ, ಮಣ್ಣಿಗೆ ಉಜ್ಜಿ ಸವೆಯುತ್ತಾ, ಹಿಂದಿನಿಂದ ಹೊಸದಾಗುತ್ತಾ ಇರುತ್ತದೆ. ಅದರ ಹಿಂದೆಯೇ ವರ್ಧನ ಅಂಗಾಂಶ. ಜೀವಕೋಶಗಳು ಒಡೆದು ಎರಡಾಗುವುದು ಇಲ್ಲಿ. ಆದರೆ ಬೇರನ್ನು ಮಣ್ಣಿನೊಳಗೆ ದೂಡುವ ಬಲ ಬರುವುದು ಅದಕ್ಕೂ ಹಿಂದಿನ ಭಾಗದಿಂದ. ಹೊಸ ಕೋಶಗಳು ಅಲ್ಲಿ ನೀರು ಹೀರಿ ಹಲವು ಪಟ್ಟು ಉದ್ದವಾಗುತ್ತವೆ. ಉದ್ದವಾಗುವುದು ನಿಂತ ಮೇಲಷ್ಟೇ ನೀರು ಹೀರುವ ಬೇರುರೋಮ ಮೂಡುತ್ತದೆ. ಮೊದಲೇ ಮೂಡಿದ್ದರೆ ಬೇರು ಸರಿಯುವಾಗ ಮಣ್ಣಿಗೆ ಸಿಕ್ಕಿ ಹರಿದುಹೋಗುತ್ತಿತ್ತು.

ಈಗ ಮಡಚಿದ ಬೇರಿಗೆ ಬನ್ನಿ. ಬೇರುಟೋಪಿಯ ಕೋಶಗಳಲ್ಲಿ ಪಿಷ್ಟದ ಕಣಗಳಿವೆ. ಅವು ತೂಕಕ್ಕೆ ಕೆಳಗೆ ಕುಳಿತು ಭೂಮಿ ಯಾವ ಕಡೆ ಎಂದು ತಿಳಿಸುತ್ತವೆ. ಮೇಲ್ಮುಖವಾದ ತುದಿ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನಿನ ಹಂಚಿಕೆ ಬದಲಾಗಿ ಮತ್ತೆ ಕೆಳಕ್ಕೆ ತಿರುಗುತ್ತದೆ. ತಿರುಗುವುದು ತುದಿ ಮಾತ್ರ. ಹಿಂದಿನ ಬಾಗು ಬಲಿತು ಆಗಿದೆ, ಅದಿನ್ನು ಉದ್ದವಾಗುವ ಹಾಗಿಲ್ಲ. ಆಮೇಲೆ ಕ್ಯಾಂಬಿಯಂ ಎಂಬ ಇನ್ನೊಂದು ವರ್ಧನ ಅಂಗಾಂಶ ಬೇರನ್ನು ದಪ್ಪಗೊಳಿಸಲು ಶುರುಮಾಡುತ್ತದೆ. ಅದು ಬಾಗನ್ನು ಬಾಗಾಗಿಯೇ ದಪ್ಪ ಮಾಡುತ್ತದೆ. ಸುರುಳಿ ಸುತ್ತಿದ ಬೇರುಗಳು ದಪ್ಪವಾದಂತೆ ಒಂದನ್ನೊಂದು ಹಿಸುಕುತ್ತವೆ. ನೆಟ್ಟ ಮೊದಲ ಮಳೆಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಪಕ್ಕದ ಗಿಡಕ್ಕಿಂತ ಮೊದಲು ಸೊರಗುವುದು, ಗಾಳಿಗೆ ಬುಡಸಮೇತ ವಾಲುವುದು ವರ್ಷಗಳ ನಂತರ. ಆಗ ರೋಗ ಅಂದುಕೊಂಡು ಔಷಧಿ ಹೊಡೆಯುವವರನ್ನು ಕಂಡರೆ ಸಂಕಟವಾಗುತ್ತದೆ.

ಕತ್ತರಿಸಿದರೆ? ತುದಿಯ ವರ್ಧನ ಅಂಗಾಂಶ ಹೋಯಿತು, ಆ ಬೇರು ಅಲ್ಲಿಗೆ ನಿಂತಿತು, ನಿಜ. ಆದರೆ ಬೇರಿನ ಒಳಗೆ, ನೀರಿನ ನಾಳಗಳನ್ನು ಸುತ್ತುವರಿದ ಪೆರಿಸೈಕಲ್ ಪದರದಲ್ಲಿ ಮತ್ತೆ ಒಡೆಯಬಲ್ಲ ಕೋಶಗಳಿವೆ. ಅವು ಹೊಸ ತುದಿಗಳನ್ನು ಕಟ್ಟಿ, ಸಿಪ್ಪೆ ಸೀಳಿಕೊಂಡು ಹೊರಬರುತ್ತವೆ. ಒಂದೆರಡು ಕೆಳಕ್ಕಿಳಿದು ತಾಯಿಬೇರಿನ ಕೆಲಸ ಹೊತ್ತುಕೊಳ್ಳುತ್ತವೆ.

ಕಾಫಿ ನರ್ಸರಿಯಲ್ಲಿ ತಪ್ಪು ಆಗುವುದು ಎರಡು ಕಡೆ. ಮೊದಲನೆಯದು ಮಡಿಯಿಂದ ಸಸಿ ಕಿತ್ತು ಚೀಲಕ್ಕೆ ಹಾಕುವಾಗ. ಕಡ್ಡಿಯಲ್ಲಿ ಮಾಡಿದ ತೂತು ಬೇರಿಗಿಂತ ಆಳವಿರಲೇಬೇಕು. ಬೇರು ಉದ್ದವಾಗಿದ್ದರೆ ತುದಿ ಚಿವುಟಿ. ತೂತಿಗೆ ಇಳಿಸಿದ ಮೇಲೆ ಸಸಿಯನ್ನು ಸ್ವಲ್ಪ ಮೇಲಕ್ಕೆಳೆದು, ಬೇರು ನೆಟ್ಟಗಾದ ಮೇಲೆ ಮಣ್ಣು ಒತ್ತಿ. ಎರಡನೆಯದು ತೋಟದಲ್ಲಿ ನೆಡುವಾಗ. ಹರಿತವಾದ ಕತ್ತಿಯಲ್ಲಿ ಚೀಲದ ತಳವನ್ನು ಒಳಗಿನ ಸುರುಳಿ ಬೇರಿನ ಸಮೇತ ಸುಮಾರು ಒಂದು ಅಂಗುಲ ಕೊಯ್ದು ಬಿಸಾಡಿ, ಆಮೇಲೆ ಚೀಲ ಸೀಳಿ ತೆಗೆಯಿರಿ. ಬದಿಯಲ್ಲೂ ಸುತ್ತಿದ್ದರೆ ಎರಡು-ಮೂರು ಕಡೆ ಉದ್ದಕ್ಕೆ ಗೀರಿ. ಒಟ್ಟಾರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇರು ತೆಗೆಯಬೇಡಿ. ಕತ್ತರಿಸಿದಾಗ ಬೇರುರೋಮವೂ ಹೋಗುತ್ತದೆ. ಹಾಗಾಗಿ ಮೋಡದ ದಿನ ನೋಡಿ ನೆಡಿ, ನೆರಳು ಕೊಡಿ. ಪಪ್ಪಾಯಿಗೆ ಮಾತ್ರ ಈ ಪ್ರಯೋಗ ಬೇಡ, ಅದು ಬೇರಿನ ಗಾಯ ಸಹಿಸುವುದಿಲ್ಲ.

ಅಡಿಕೆ, ತೆಂಗಿನ ಲೆಕ್ಕ ಬೇರೆ. ಅವಕ್ಕೆ ಕ್ಯಾಂಬಿಯಂ ಇಲ್ಲ, ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋಗುವುದಿಲ್ಲ, ಹೊಸ ಬೇರುಗಳು ಕಾಂಡದ ಬುಡದಿಂದಲೇ ಬರುತ್ತಿರುತ್ತವೆ. ಅಲ್ಲಿ ಬುಡಕ್ಕೆ ಮಣ್ಣು ಏರಿಸುವುದೇ ದೊಡ್ಡ ಉಪಕಾರ.

ಸಸಿ ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿ. ಹೋದ ವರ್ಷ ಮಾರಾಟವಾಗದೆ ಉಳಿದ ಸಸಿಯೇ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರ ಇರುತ್ತದೆ, ಅದರ ಬೇರೇ ಎಲ್ಲಕ್ಕಿಂತ ಹೆಚ್ಚು ಸುತ್ತಿರುತ್ತದೆ. ಒಂದು ಸಸಿಯ ದುಡ್ಡು ಹೋದರೂ ಚಿಂತೆಯಿಲ್ಲ, ಚೀಲ ಬಿಚ್ಚಿ ಮಣ್ಣು ತೊಳೆದು ನೋಡಿ. ತುದಿಗಳು ಬಿಳಿಯಾಗಿ ಗಟ್ಟಿಯಾಗಿದ್ದರೆ ವರ್ಧನ ಅಂಗಾಂಶ ಜೀವಂತವಾಗಿದೆ. ಕಂದಾಗಿ ಮೆತ್ತಗಾಗಿದ್ದು, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಅದು ನೀರು ನಿಂತು ಕೊಳೆತ ಬೇರು. ಆ ಸಾಲಿನ ಸಸಿ ಅರ್ಧ ಬೆಲೆಗೆ ಕೊಟ್ಟರೂ ಬೇಡ.